ಲಾರಿಯ ತೂಕ ಕಳೆದು

ಇಪ್ಪತ್ತೆರಡು ವರ್ಷದಿಂದ ನನ್ನ ಕೆಲಸ ಇಷ್ಟೇ:
ತುಂಬಿದ ಲಾರಿ ವೇಬ್ರಿಜ್ ಏರಿದಾಗ ಒಂದು ತೂಕ,
ಮೆಕ್ಕೆಜೋಳ ಸುರಿದು ಬಂದಾಗ ಇನ್ನೊಂದು.
ಅದರಲ್ಲಿ ಇದನ್ನು ಕಳೆದರೆ ಉಳಿದದ್ದು ಜೋಳ.
ಒಂದು ಹಿಡಿ ಕಾಳು ಯಂತ್ರಕ್ಕೆ ಹಾಕಿ ತೇವ ನೋಡುತ್ತೇನೆ.
ಹದಿನೈದು ದಾಟಿತೋ, ದರ ಮುರಿಯುತ್ತೇನೆ.
ನೆರೆಯವನಾದರೂ ಅಷ್ಟೇ,
ಡಾರ್ಲಾಳ ತಮ್ಮನಾದರೂ ಅಷ್ಟೇ.
ನೆಬ್ರಾಸ್ಕದ ಈ ಮೂಲೆಯಲ್ಲಿ ವರ್ಲಿನ್ ಸ್ಕೋಗ್ ಬರೆದ ಚೀಟಿಗೆ
ಯಾರೂ ಎರಡನೇ ಮಾತು ಆಡಿದ್ದಿಲ್ಲ.

ಡಿಸೆಂಬರಿನ ಒಂದು ರಾತ್ರಿ ಮಗಳು ಮಾರಿಟ್
ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದಳು.
ದಕ್ಷಿಣದ ಯಾವುದೋ ವಿಶ್ವವಿದ್ಯಾಲಯದ ಪಟ್ಟಿ.
ಎಡಕ್ಕೆ ಪರೀಕ್ಷೆಯ ಅಂಕ, ಬಲಕ್ಕೆ ಡಾಲರು.
ಮೂವತ್ತೊಂದಕ್ಕೆ ಅರ್ಧ ಫೀಸು,
ಮೂವತ್ತೆರಡಕ್ಕೆ ಪೂರ್ತಿ, ಹಾಸ್ಟೆಲ್ಲೂ ಸೇರಿ, ನಾಲ್ಕು ವರ್ಷ.
ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.
ಇಂಥದೇ ಒಂದು ಪಟ್ಟಿ
ನನ್ನ ಕಿಟಕಿಯ ಗಾಜಿಗೂ ಅಂಟಿಕೊಂಡಿದೆ.

ಅವಳಿಗೆ ಬಂದದ್ದು ಮೂವತ್ತೊಂದೂ ಕಾಲು.
ಕಾಲನ್ನು ಬಿಟ್ಟು ಬರೆದಿದ್ದರು.
ಇನ್ನೊಂದು ಕಾಲು ಸಿಕ್ಕಿದ್ದರೆ ಮೂವತ್ತೆರಡು.
ಪೆನ್ಸಿಲು ತೆಗೆದು ಲೆಕ್ಕ ಹಾಕಿದೆ, ಅಭ್ಯಾಸಬಲ:
ಎಂಬತ್ತೆಂಟು ಸಾವಿರ ಡಾಲರು.
ಒಂದು ಅಲ್ಪವಿರಾಮ, ಒಂದು ತ್ರಿಕೋನ,
ಹಿಂದಿನ ಬೆಂಚಿನವನ ಕೆಮ್ಮು.

ಫೆಬ್ರವರಿಯಲ್ಲಿ ಮತ್ತೆ ಬರೆದಳು.
ಹಿಮ ತಳ್ಳುವ ಗಾಡಿಯ ಹಿಂದೆ ಅರವತ್ತು ಮೈಲಿ
ನಾನೇ ಕರೆದೊಯ್ದೆ.
ಅವಳು ಒಳಗಿದ್ದಷ್ಟು ಹೊತ್ತು
ಪಿಕಪ್ಪಿನಲ್ಲಿ ಕೂತು ಫ್ಲಾಸ್ಕಿನ ಕಾಫಿ ಮುಗಿಸಿದೆ.
ಪಕ್ಕದ ಕಾರಿನಲ್ಲಿ ಯಾರೋ ತಾಯಿ
ಉಲ್ಲನ್ ಹೆಣೆಯುತ್ತಿದ್ದಳು, ಬಿಚ್ಚುತ್ತಿದ್ದಳು.
ಕಣ್ಣು ಕೂಡಿದಾಗ ಇಬ್ಬರೂ ತಲೆಯಾಡಿಸಿದೆವು,
ಸುಗ್ಗಿಯಲ್ಲಿ ನನ್ನ ಕಿಟಕಿಯ ಮುಂದೆ ಸಾಲು ನಿಂತವರ ಹಾಗೆ.

ಮೂವತ್ತೊಂದೂವರೆ.
ಈ ಸಲ ಮೇಲಕ್ಕೆ ಒತ್ತಿ ಬರೆದರು.
ಡಾರ್ಲಾ ಕೇಕ್ ಮಾಡಿದಳು.

ಮಿನೆಸೊಟದಲ್ಲಿ ಒಂದು ಪುಟ್ಟ ಕಾಲೇಜಿದೆ.
ಅಲ್ಲಿನ ಮೇಡಂ ಒಬ್ಬರು, ಶರತ್ಕಾಲದಲ್ಲಿ ನಾವು ನೋಡಲು ಹೋದಾಗ,
ಕೆರೆಯ ತಳದಿಂದ ಕೊಳವೆಯಲ್ಲಿ ಎತ್ತಿದ ಕೆಸರನ್ನು
ಮಾರಿಟ್‌ಳ ಕೈಗಿಟ್ಟಿದ್ದರು.
"ನಿನ್ನ ಹೆಬ್ಬೆರಳು ಇರುವ ಕಡೆ ಹತ್ತು ಸಾವಿರ ವರ್ಷ" ಎಂದಿದ್ದರು.
ಮನೆ ತಲುಪುವವರೆಗೂ ಅವಳು ಆ ಕೈ ತೊಳೆಯಲಿಲ್ಲ.
ಅವರೂ ಸೀಟು ಕೊಟ್ಟರು, ಕೈಬರಹದ ಕಾಗದ ಕೊಟ್ಟರು,
ಕೈಲಾದಷ್ಟು ಹಣವನ್ನೂ.
ಉಳಿದದ್ದು ವರ್ಷಕ್ಕೆ ಇಪ್ಪತ್ತಾರು ಸಾವಿರ.

ದಕ್ಷಿಣದಲ್ಲಿ ನಮಗೆ ದಾರಿ ತೋರಿಸಿದ ಹುಡುಗ
ಹಿಂದುಹಿಂದಕ್ಕೆ ನಡೆಯುತ್ತಾ ಈಜುಕೊಳ ತೋರಿಸಿದ.
ಒಳ್ಳೆಯ ಹುಡುಗ. ಒಮ್ಮೆಯೂ ಎಡವಲಿಲ್ಲ.

ನನ್ನ ಆಸೆ ನಾನು ಹೇಳಲಿಲ್ಲ, ಅವಳು ಕೇಳಲಿಲ್ಲ.

ಏಪ್ರಿಲ್ ಮೂವತ್ತರ ಸಂಜೆ,
ಮುಚ್ಚುವ ಹೊತ್ತಿಗೆ, ಪಿಕಪ್ಪನ್ನು ವೇಬ್ರಿಜ್ಜಿಗೆ ಹತ್ತಿಸಿದಳು.
ಐದು ಸಾವಿರದ ಮುನ್ನೂರ ನಲವತ್ತು.
ಕೆಳಗಿಳಿದು ಜಲ್ಲಿಯ ಮೇಲೆ ನಿಂತು
ಕೈ ಬೀಸಿದಳು, ಚಿಕ್ಕವಳಿದ್ದಾಗಿನಂತೆ.
ಐದು ಸಾವಿರದ ಇನ್ನೂರು.
"ನೂರ ನಲವತ್ತು ಪೌಂಡು!" ಕಿಟಕಿಯಿಂದ ಕೂಗಿದೆ.
"ಸುಳ್ಳು, ನೂರ ಮೂವತ್ತೊಂದು," ಎಂದಳು.
ನಮ್ಮ ಯಂತ್ರ ಇಪ್ಪತ್ತಕ್ಕಿಂತ ಸಣ್ಣದನ್ನು ಓದುವುದಿಲ್ಲ.

ಏಳು ವರ್ಷದವಳಿದ್ದಾಗ ಒಮ್ಮೆ ಕೇಳಿದ್ದಳು:
ನಡುವೆ ಇದ್ದದ್ದು ಎಲ್ಲಿಗೆ ಹೋಗುತ್ತದಪ್ಪಾ?
ಎಲ್ಲಿಗೂ ಹೋಗುವುದಿಲ್ಲ ಮಗೂ,
ನಾವು ಬರೆದುಕೊಳ್ಳುವುದಿಲ್ಲ, ಅಷ್ಟೇ.

ಅಲ್ಲೇ ನಿಂತು ಫೋನಿನಲ್ಲಿ ಏನೋ ಒತ್ತಿದಳು.
"ದಕ್ಷಿಣ," ಎಂದಳು.
"ಅಲ್ಲೂ ಕೆರೆಗಳಿವೆ, ನೋಡಿದ್ದೇನೆ, ಮ್ಯಾಪಿನಲ್ಲಿ."

ಹಿಂದೆ ಹಾನ್ಸೆನ್‌ನ ಲಾರಿ ಹಾರ್ನ್ ಹೊಡೆಯಿತು.
ಗಾಡಿ ತೆಗಿ ಎಂದೆ.
ಚೀಟಿ ಆಗಲೇ ಅಚ್ಚಾಗಿ ಹೊರಬಂದಿತ್ತು;
ಹರಿಯಲು ಹೋದವನು
ಹಿಂಬದಿಗೆ ಪೆನ್ಸಿಲಿನಲ್ಲಿ ನೂರ ಮೂವತ್ತೊಂದು ಎಂದು ಬರೆದು
ಜೇಬಿಗಿಟ್ಟುಕೊಂಡೆ.